ಹಣ್ಣಿನ ರಸದ ಸಂರಕ್ಷಣೆ: ಸಣ್ಣ ಘಟಕಗಳಿಗೆ ಹೊಂದುವ ಮಾರ್ಗ ಯಾವುದು?

ಹಣ್ಣಿನ ರಸ ತಯಾರಿಸುವ ಘಟಕಕ್ಕಾಗಿ ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಗಳನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಣ್ಣು, ಸಕ್ಕರೆ, ಬಾಟಲಿ, ಮುಚ್ಚಳ, ಲೇಬಲ್, ಕೂಲಿ, ಸಾಗಣೆ ಇವಕ್ಕೆಲ್ಲ ಪ್ರತ್ಯೇಕ ಶೀರ್ಷಿಕೆಗಳಿರುತ್ತವೆ. ರಸವನ್ನು ಕೆಡದಂತೆ ಕಾಯ್ದಿಡುವ ವೆಚ್ಚ ಮಾತ್ರ 'ಇತರೆ ವೆಚ್ಚಗಳು' ಎಂಬ ಕೊನೆಯ ಸಾಲಿನೊಳಗೆ ಅಡಗಿರುತ್ತದೆ. ವಾಸ್ತವದಲ್ಲಿ ಉಳಿದ ಸಾಲುಗಳನ್ನು ನಿರ್ಧರಿಸುವುದೇ ಆ ಒಂದು ಸಾಲು. ಯಾವ ಯಂತ್ರ ಕೊಳ್ಳಬೇಕು, ಬಾಟಲಿ ಗಾಜಿನದೋ ಪ್ಲಾಸ್ಟಿಕ್ಕಿನದೋ, ಸರಕು ಒಂದೇ ಊರಿನಲ್ಲಿ ಮಾರಾಟವಾಗಬೇಕೋ ಹೊರಜಿಲ್ಲೆಗಳಿಗೂ ಹೋಗಬಹುದೋ, ಅಂಗಡಿಯವರಿಗೆ ಎಷ್ಟು ದಿನ ಉದ್ರಿ ಕೊಡಬಹುದು ಎಂಬ ಪ್ರಶ್ನೆಗಳೆಲ್ಲ ಸಂರಕ್ಷಣೆಯ ವಿಧಾನವನ್ನು ಅವಲಂಬಿಸಿವೆ.

ಇತ್ತೀಚಿನ ವರ್ಷಗಳಲ್ಲಿ ನಗರಗಳ ಅಂಗಡಿಗಳಲ್ಲಿ 'ಸಂರಕ್ಷಕ ಬಳಸಿಲ್ಲ' ಎಂಬ ಬರಹ ಹೊತ್ತ ಬಾಟಲಿಗಳು ಹೆಚ್ಚಾಗಿವೆ. ಗ್ರಾಹಕನಿಗೆ ಆ ಮಾತು ಪ್ರಿಯವಾದುದು. ಉತ್ಪಾದಕನಿಗೆ ಅದರಿಂದ ನಾಲ್ಕು ಕಾಸು ಹೆಚ್ಚು ದೊರೆಯುತ್ತದೆ. ಆದರೆ ಸಂರಕ್ಷಕವನ್ನು ಬಳಸದಿರುವುದು ಒಂದು, ಸಂರಕ್ಷಣೆಯನ್ನೇ ಮಾಡದಿರುವುದು ಇನ್ನೊಂದು. ಮೊದಲನೆಯದು ಶಾಖದ ನೆರವಿನಿಂದ ಸಾಧ್ಯ. ಎರಡನೆಯದು ಗ್ರಾಹಕನ ಆರೋಗ್ಯವನ್ನು ಪಣಕ್ಕಿಟ್ಟು ಆಡುವ ಜೂಜು. ಹಸಿರಸವನ್ನು ಹಿಂಡಿ, ತಣ್ಣಗೆ ಮಾಡಿ, ಬಾಟಲಿಗೆ ತುಂಬಿ ದೂರದ ಅಂಗಡಿಗೆ ಕಳುಹಿಸುವ ವ್ಯಾಪಾರಕ್ಕೆ ಸಣ್ಣ ಘಟಕಗಳು ಕೈಹಾಕಬಾರದು. ಅವುಗಳಿಗೆ ಹೊಂದುವ ಮಾರ್ಗ ಹಳೆಯದೇ ಆಗಿದೆ: ರಸದ ಹುಳಿಯನ್ನು ಅಳೆಯುವುದು, ಬಿಸಿ ಮಾಡುವುದು, ಬಿಸಿಯಿರುವಾಗಲೇ ತುಂಬುವುದು, ಅಗತ್ಯವಿದ್ದಲ್ಲಿ ಮಾತ್ರ ಮಿತಿಯೊಳಗೆ ಸಂರಕ್ಷಕ ಸೇರಿಸುವುದು. ಈ ಮಾತಿಗೆ ಆಧಾರ ವಿಜ್ಞಾನದಲ್ಲಿಯೂ ಇದೆ, ಲೆಕ್ಕಪುಸ್ತಕದಲ್ಲಿಯೂ ಇದೆ.

ಕೆಡುವುದು ಬೇರೆ, ಕೇಡು ಮಾಡುವುದು ಬೇರೆ

ರಸ ಕೆಡುವುದಕ್ಕೆ ಯೀಸ್ಟ್, ಬೂಸು, ಕೆಲವು ಬ್ಯಾಕ್ಟೀರಿಯಾಗಳು ಹಾಗೂ ಹಣ್ಣಿನಲ್ಲಿಯೇ ಇರುವ ಕಿಣ್ವಗಳು ಕಾರಣ. ಯೀಸ್ಟ್ ಸೇರಿದರೆ ರಸ ಹುದುಗುತ್ತದೆ, ಬಾಟಲಿ ಉಬ್ಬುತ್ತದೆ. ಬೂಸು ಕಣ್ಣಿಗೆ ಕಾಣುತ್ತದೆ. ಕಿಣ್ವಗಳನ್ನು ಅಡಗಿಸದಿದ್ದರೆ ಸೇಬಿನ ರಸ ಕಂದುಬಣ್ಣಕ್ಕೆ ತಿರುಗುತ್ತದೆ, ಕಿತ್ತಳೆಯ ರಸದಲ್ಲಿ ತಿಳಿನೀರು ಮೇಲೆ ನಿಂತು ಗಷ್ಟು ಕೆಳಗೆ ಇಳಿಯುತ್ತದೆ. ಇವೆಲ್ಲ ನಷ್ಟವೇ ಸರಿ, ಆದರೆ ಗ್ರಾಹಕನು ನೋಡಿದೊಡನೆ ಬಾಟಲಿಯನ್ನು ಹಿಂತಿರುಗಿಸುತ್ತಾನೆ, ಹೊಟ್ಟೆಗೆ ಇಳಿಸುವುದಿಲ್ಲ.

ರೋಗಕಾರಕ ಬ್ಯಾಕ್ಟೀರಿಯಾಗಳ ಸ್ವಭಾವ ಹಾಗಲ್ಲ. ಅವುಗಳಿಂದ ರಸದ ಬಣ್ಣ ಬದಲಾಗುವುದಿಲ್ಲ, ರುಚಿ ಕೆಡುವುದಿಲ್ಲ. 1996ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ನಡೆದ ಪ್ರಕರಣವನ್ನು ಈ ಉದ್ದಿಮೆಯಲ್ಲಿರುವ ಪ್ರತಿಯೊಬ್ಬರೂ ತಿಳಿದಿರಬೇಕು. ಕ್ಯಾಲಿಫೋರ್ನಿಯಾದ ಒಡ್ವಾಲಾ ಎಂಬ ಕಂಪನಿಯು ಪಾಶ್ಚರೀಕರಿಸದ ಸೇಬಿನ ರಸವನ್ನು ಮಾರುತ್ತಿತ್ತು. ಶಾಖದಿಂದ ರುಚಿ ಕೆಡುತ್ತದೆ, ತಾಜಾತನವೇ ತನ್ನ ಹೆಗ್ಗಳಿಕೆ ಎಂಬುದು ಅದರ ನಿಲುವು. ಆ ರಸದಲ್ಲಿ ಇ. ಕೋಲೈ ಒ157 ಎಂಬ ಬ್ಯಾಕ್ಟೀರಿಯಾ ಸೇರಿಕೊಂಡು 60ಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. 16 ತಿಂಗಳ ಹೆಣ್ಣುಮಗುವೊಂದು ಮರಣಹೊಂದಿತು. 1998ರಲ್ಲಿ ಕಂಪನಿಯು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 15 ಲಕ್ಷ ಡಾಲರ್ ದಂಡ ತೆತ್ತಿತು. ಸೇಬಿನ ರಸ ಹುಳಿಯಾಗಿಯೇ ಇರುತ್ತದೆ, ಆ ಬಾಟಲಿಗಳು ಶೀತಲ ಪೆಟ್ಟಿಗೆಯಲ್ಲಿಯೇ ಇದ್ದವು. ಹುಳಿಯೂ ತಂಪೂ ಸೇರಿದರೆ ಸಾಕು ಎಂಬ ನಂಬಿಕೆ ಅಂದು ಸುಳ್ಳಾಯಿತು. ತಂಪು ಸೂಕ್ಷ್ಮಜೀವಿಗಳನ್ನು ಮಲಗಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಆ ಪ್ರಕರಣದ ನಂತರ, 2001ರಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ರಸ ತಯಾರಕರಿಗೆ ಹೊಸ ನಿಯಮ ವಿಧಿಸಿತು: ಬಳಸುವ ವಿಧಾನ ಯಾವುದಾದರೂ ಆಗಲಿ, ರೋಗಕಾರಕಗಳ ಸಂಖ್ಯೆಯನ್ನು ಅದು ಒಂದು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸಬೇಕು. ಸಂರಕ್ಷಣೆಯ ವಿಧಾನಗಳನ್ನು ಹೋಲಿಸುವಾಗ ಇದಕ್ಕಿಂತ ನೇರವಾದ ಅಳತೆಗೋಲು ಸಿಗಲಾರದು.

ಹುಳಿಯ ವಿಷಯದಲ್ಲಿ ಇನ್ನೊಂದು ಗಡಿಯುಂಟು. ಪಿ.ಎಚ್. 4.6ಕ್ಕಿಂತ ಕೆಳಗಿರುವ ರಸದಲ್ಲಿ ಬಾಟ್ಯುಲಿಸಂ ಎಂಬ ಮಾರಕ ರೋಗವನ್ನುಂಟುಮಾಡುವ ಬ್ಯಾಕ್ಟೀರಿಯಾದ ಬೀಜಾಣುಗಳು ಮೊಳೆಯಲಾರವು. ನಿಂಬೆ, ದ್ರಾಕ್ಷಿ, ದಾಳಿಂಬೆ, ಕಿತ್ತಳೆ, ಮುರುಗಲು ಇವುಗಳ ರಸ ಈ ಗಡಿಯೊಳಗೆ ನಿರಾಯಾಸವಾಗಿ ಬರುತ್ತದೆ. ಮಾವಿನ ತಿರುಳು ಸಾಮಾನ್ಯವಾಗಿ ಒಳಗೇ ಇದ್ದರೂ ಹಣ್ಣು ಅತಿಯಾಗಿ ಮಾಗಿದ್ದರೆ ಗಡಿಯ ಸಮೀಪಕ್ಕೆ ಸರಿಯುತ್ತದೆ. ಕಬ್ಬಿನ ಹಾಲು, ಎಳನೀರು, ಕಲ್ಲಂಗಡಿ, ಕರಬೂಜ, ಕ್ಯಾರೆಟ್ ಇವೆಲ್ಲ ಗಡಿಯ ಆಚೆಗಿವೆ. 2006ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಬಾಟಲಿಯ ಕ್ಯಾರೆಟ್ ರಸ ಕುಡಿದ ಕೆಲವರಿಗೆ ಬಾಟ್ಯುಲಿಸಂ ತಗಲಿತು. ಆ ರಸ ಪಾಶ್ಚರೀಕರಿಸಿದ್ದೇ ಆಗಿತ್ತು! ಸಾಮಾನ್ಯ ಪಾಶ್ಚರೀಕರಣದ ಶಾಖಕ್ಕೆ ಆ ಬೀಜಾಣುಗಳು ಸಾಯುವುದಿಲ್ಲ. ಹುಳಿಯಿಲ್ಲದ ರಸ ತಂಪು ತಪ್ಪಿದೊಡನೆ ಅವು ಮೊಳೆಯುತ್ತವೆ. ಆದ್ದರಿಂದ ಮಂಡ್ಯದ ಕಬ್ಬಿನ ಹಾಲನ್ನೋ ಮದ್ದೂರಿನ ಎಳನೀರನ್ನೋ ಬಾಟಲಿಗೆ ತುಂಬಿ ಮಾರಬಯಸುವ ಉದ್ದಿಮೆದಾರನು ಮಾವಿನ ರಸದ ಘಟಕವನ್ನು ನೋಡಿ ನಕಲು ಮಾಡುವಂತಿಲ್ಲ. ಕಬ್ಬಿನ ಹಾಲಿಗೆ ನಿಂಬೆ ಹಿಂಡುವ ವಾಡಿಕೆ ರುಚಿಗಾಗಿ ಬಂದದ್ದು. ಬಾಟಲಿಗೆ ತುಂಬುವಾಗ ಅದೇ ನಿಂಬೆ ಸುರಕ್ಷತೆಯ ಸಾಧನವಾಗುತ್ತದೆ, ಆದರೆ ಕೈಯಳತೆಯಿಂದ ಹಿಂಡಿದರೆ ಸಾಲದು, ಪಿ.ಎಚ್. ಮೀಟರ್ ಹಿಡಿದು ಅಳೆಯಬೇಕು.

ಗ್ರಾಮಿನ ಲೆಕ್ಕ

ರಾಸಾಯನಿಕ ಸಂರಕ್ಷಕಗಳು ಅಗ್ಗ, ಸುಲಭ, ಯಂತ್ರದ ಹಂಗಿಲ್ಲದವು. ರಸ ಮತ್ತು ಸ್ಕ್ವಾಷ್‌ಗಳಲ್ಲಿ ಮುಖ್ಯವಾಗಿ ಬಳಕೆಯಲ್ಲಿರುವುವು ಸೋಡಿಯಂ ಬೆಂಜೋಯೇಟ್ ಹಾಗೂ ವಾಡಿಕೆಯಲ್ಲಿ ಕೆ.ಎಂ.ಎಸ್. ಎನ್ನುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಇತ್ತೀಚೆಗೆ ಪೊಟ್ಯಾಸಿಯಂ ಸಾರ್ಬೇಟ್ ಕೂಡ ಸೇರಿಕೊಂಡಿದೆ. 1955ರ ಹಣ್ಣು ಉತ್ಪನ್ನಗಳ ಆದೇಶದ ಕಾಲದಿಂದ ಉದ್ದಿಮೆದಾರರಿಗೆ ಪರಿಚಿತವಾದ ಮಿತಿಗಳು ಹೀಗಿದ್ದವು: ನೇರವಾಗಿ ಕುಡಿಯುವ ಪಾನೀಯದಲ್ಲಿ ಬೆಂಜೋಯಿಕ್ ಆಮ್ಲ ಹತ್ತು ಲಕ್ಷ ಭಾಗಕ್ಕೆ 120 ಅಥವಾ ಗಂಧಕದ ಡೈಆಕ್ಸೈಡ್ 70, ಸ್ಕ್ವಾಷ್‌ನಲ್ಲಿ ಕ್ರಮವಾಗಿ 600 ಅಥವಾ 350. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು 2011ರಲ್ಲಿ ಪೂರ್ಣವಾಗಿ ಜಾರಿಗೆ ಬಂದ ಮೇಲೆ ಆ ಆದೇಶ ರದ್ದಾಯಿತು. ನಂತರದ ತಿದ್ದುಪಡಿಗಳಲ್ಲಿ ಸೇರ್ಪಡೆ ಪದಾರ್ಥಗಳ ಪಟ್ಟಿಯೇ ಹೊಸದಾಗಿ ರೂಪುಗೊಂಡಿದೆ. ಆದ್ದರಿಂದ ಹಳೆಯ ಕೈಪಿಡಿಯ ಅಂಕಿಗಳನ್ನು ನೆಚ್ಚಿಕೊಂಡು ಇಂದು ಲೇಬಲ್ ಮುದ್ರಿಸುವುದು ಸಲ್ಲದು. ತನ್ನ ಉತ್ಪನ್ನ ಯಾವ ವರ್ಗಕ್ಕೆ ಸೇರುತ್ತದೆ ಎಂದು ನೋಡಿ ಆ ವರ್ಗದ ಈಗಿನ ಮಿತಿಯನ್ನು ಅನುಸರಿಸಬೇಕು.

ಮಿತಿ ತಿಳಿದವರೂ ತೂಕದಲ್ಲಿ ಎಡವುತ್ತಾರೆ. ಮಿತಿಯನ್ನು ಹೇಳಿರುವುದು ಬೆಂಜೋಯಿಕ್ ಆಮ್ಲದ ಲೆಕ್ಕದಲ್ಲಿ. ಅಂಗಡಿಯಲ್ಲಿ ಸಿಗುವುದು ಅದರ ಸೋಡಿಯಂ ಲವಣ. 1 ಗ್ರಾಂ ಆಮ್ಲಕ್ಕೆ ಸುಮಾರು 1.18 ಗ್ರಾಂ ಬೆಂಜೋಯೇಟ್ ಸಮ. ಹಾಗಾಗಿ 120ರ ಮಿತಿಯಿದ್ದರೆ 1000 ಲೀಟರಿಗೆ ಸುಮಾರು 142 ಗ್ರಾಂ ಆಗುತ್ತದೆ. ಕೆ.ಎಂ.ಎಸ್.ನಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಅದರ ತೂಕದಲ್ಲಿ ಗಂಧಕದ ಡೈಆಕ್ಸೈಡಿನ ಪಾಲು ಲೆಕ್ಕದ ಪ್ರಕಾರ ಶೇ. 57ರಷ್ಟು ಮಾತ್ರ, ತೆರೆದಿಟ್ಟ ಡಬ್ಬಿಯಲ್ಲಿ ಅದು ದಿನೇ ದಿನೇ ಇಳಿಯುತ್ತದೆ. 350ರ ಮಟ್ಟ ಬೇಕೆಂದರೆ 1000 ಲೀಟರಿಗೆ 600 ಗ್ರಾಂ ದಾಟುತ್ತದೆ. ಈ ಗುಣಾಕಾರ ತಿಳಿಯದವನು 350 ಗ್ರಾಂ ಹಾಕಿ, ಸ್ಕ್ವಾಷ್ ಹುದುಗಿದಾಗ ಹಣ್ಣಿನ ಮೇಲೆ ತಪ್ಪು ಹೊರಿಸುತ್ತಾನೆ. ಇನ್ನೊಬ್ಬನು ಅಳುಕಿನಿಂದ ಚಮಚದ ಮೇಲೆ ಚಮಚ ಹಾಕಿ ಕಾನೂನಿನ ಕೈಗೆ ಸಿಕ್ಕಿಬೀಳುತ್ತಾನೆ. ಅಕ್ಕಸಾಲಿಗನು ಬಳಸುವಂಥ ತಕ್ಕಡಿಯೊಂದನ್ನು ಕೊಳ್ಳುವ ಖರ್ಚು ಒಂದೇ ಒಂದು ತಂಡದ ನಷ್ಟಕ್ಕಿಂತ ಬಹಳ ಕಡಿಮೆ.

ಯಾವ ಹಣ್ಣಿಗೆ ಯಾವುದು ಎಂಬುದರಲ್ಲಿಯೂ ವಿವೇಚನೆ ಬೇಕು. ಕೆ.ಎಂ.ಎಸ್. ಕೆಂಪು, ನೇರಳೆ ಬಣ್ಣಗಳನ್ನು ಬಿಳಿಚಿಸುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿ, ದಾಳಿಂಬೆ, ನೇರಳೆ, ಮುರುಗಲುಗಳಿಗೆ ಅದು ಒಗ್ಗುವುದಿಲ್ಲ. ನಿಂಬೆ, ಕಿತ್ತಳೆ, ಮಾವುಗಳಿಗೆ ಒಗ್ಗುತ್ತದೆ. ಬಣ್ಣದ ಹಣ್ಣುಗಳಿಗೆ ಬೆಂಜೋಯೇಟ್ ಮೇಲು. ಆದರೆ ಬೆಂಜೋಯೇಟ್ ಇರುವ ಪಾನೀಯಕ್ಕೆ ವಿಟಮಿನ್ ಸಿ ಯನ್ನೂ ಸೇರಿಸಿ, ಬಾಟಲಿಯನ್ನು ಬಿಸಿಲಿನಲ್ಲಿ ಇಟ್ಟರೆ ಅತ್ಯಲ್ಪ ಪ್ರಮಾಣದಲ್ಲಿ ಬೆಂಜೀನ್ ಉಂಟಾಗಬಲ್ಲದೆಂದು 1990ರ ಸುಮಾರಿಗೆ ತಿಳಿದುಬಂದು, 2005-06ರಲ್ಲಿ ಮತ್ತೆ ಚರ್ಚೆಗೆ ಬಂದಿತು. ಬೆಂಜೀನ್ ಕ್ಯಾನ್ಸರ್‌ಕಾರಕ. 'ವಿಟಮಿನ್ ಸಿ ಯುಕ್ತ' ಎಂಬ ಎರಡು ಪದಗಳ ಆಸೆಗೆ ಈ ಜೋಡಿಯನ್ನು ಮಾಡುವುದು ಬುದ್ಧಿವಂತಿಕೆಯಲ್ಲ. ಗಂಧಕದ ಸಂಯುಕ್ತಗಳು ಕೆಲವು ಆಸ್ತಮಾ ರೋಗಿಗಳಿಗೆ ಉಸಿರಾಟದ ತೊಂದರೆ ಕೊಡುತ್ತವೆ. ಆದ ಕಾರಣ ಅವುಗಳ ಹೆಸರು ಲೇಬಲಿನ ಮೇಲೆ ಓದುವಂತಿರಲೇಬೇಕು.

ಸಂರಕ್ಷಕಗಳ ಬಹುದೊಡ್ಡ ಇತಿಮಿತಿ ಹೆಚ್ಚು ಮಂದಿಗೆ ತಿಳಿದಿಲ್ಲ. ಅವು ಮುಖ್ಯವಾಗಿ ಬೆಳವಣಿಗೆಯನ್ನು ತಡೆಯುತ್ತವೆ. ಈಗಾಗಲೇ ಬಂದು ಕುಳಿತ ರೋಗಾಣುವನ್ನು ನೆಚ್ಚಿಕೆಯಾಗುವಂತೆ ಕೊಲ್ಲುವುದಿಲ್ಲ. ಬೆಂಜೋಯೇಟನ್ನೂ ಸಾರ್ಬೇಟನ್ನೂ ಅರಗಿಸಿಕೊಂಡು ಹುದುಗೆಬ್ಬಿಸುವ ಯೀಸ್ಟ್‌ಗಳೂ ಇವೆ. ಕೊಳೆತ ಸೇಬಿನಲ್ಲಿ ಬೂಸಿನಿಂದ ಉಂಟಾಗುವ ಪ್ಯಾಟುಲಿನ್ ಎಂಬ ವಿಷವಂತೂ ಸಂರಕ್ಷಕಕ್ಕೂ ಜಗ್ಗದು, ಶಾಖಕ್ಕೂ ಬಗ್ಗದು. ಮಂಡಿಯಲ್ಲಿ ಉಳಿದ ಹಣ್ಣನ್ನು ಅರೆಬೆಲೆಗೆ ಕೊಂಡು ರಸ ಮಾಡಿ, ಪುಡಿ ಹಾಕಿ ಸರಿಪಡಿಸಬಹುದೆಂಬ ಲೆಕ್ಕಾಚಾರ ಇಲ್ಲಿ ನೆಲಕಚ್ಚುತ್ತದೆ.

ಶಾಖದ ನಿಜವಾದ ಬೆಲೆ

1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ದಂತವೈದ್ಯನು ಬಾಟಲಿಯ ದ್ರಾಕ್ಷಾರಸವನ್ನು ಬಿಸಿಮಾಡಿ, ಹುದುಗದಂತೆ ಉಳಿಸಿಕೊಂಡನು. ಲೂಯಿ ಪಾಶ್ಚರನ ಸಂಶೋಧನೆಯನ್ನು ರಸಕ್ಕೆ ಅಳವಡಿಸಿದ ಆ ಕ್ರಮ ಇಂದಿಗೂ ಉದ್ದಿಮೆಯ ಬೆನ್ನೆಲುಬು. ಹುಳಿಯ ರಸವನ್ನು 90ರಿಂದ 95 ಡಿಗ್ರಿಗೆ ಏರಿಸಿ, ಕೆಲವು ಸೆಕೆಂಡು ಹಿಡಿದು, 85 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಬಾಟಲಿಗೆ ತುಂಬಿ, ಮುಚ್ಚಿ, ಬಾಟಲಿಯನ್ನು ಎರಡು ಮೂರು ನಿಮಿಷ ಮಲಗಿಸಿ, ನಂತರ ತಣಿಸುವುದು ಬಿಸಿ ತುಂಬುವಿಕೆಯ ಕ್ರಮ. ಮಲಗಿಸುವುದರ ಉದ್ದೇಶ ಮುಚ್ಚಳದ ಒಳಭಾಗಕ್ಕೂ ಬಿಸಿ ತಾಗಲಿ ಎಂಬುದು. ಅವಸರದಲ್ಲಿ ಮೊದಲು ಕೈಬಿಡುವ ಹಂತವೂ ಇದೇ.

ಶಾಖವೆಂದರೆ ಇಂಧನದ ಖರ್ಚು ಎಂಬ ಅಂಜಿಕೆ ಸಾಮಾನ್ಯ. ಲೆಕ್ಕ ಹಾಕಿ ನೋಡಬಹುದು. 1000 ಲೀಟರ್ ರಸವನ್ನು 25ರಿಂದ 90 ಡಿಗ್ರಿಗೆ ಏರಿಸಲು ಬೇಕಾಗುವ ಶಾಖ ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 70 ಯೂನಿಟ್. ಪೋಲಾಗುವುದನ್ನೂ ಸೇರಿಸಿ 100 ಯೂನಿಟ್ ಎಂದಿಟ್ಟುಕೊಂಡರೂ ಲೀಟರಿಗೆ ಬೀಳುವುದು ಯೂನಿಟ್ಟಿನ ಹತ್ತರಲ್ಲಿ ಒಂದು ಪಾಲು. ಒಂದು ಯೂನಿಟ್ಟಿಗೆ 8 ರೂ. ಎಂದು ಹಿಡಿದರೆ 80 ಪೈಸೆ. 200 ಮಿಲಿಲೀಟರಿನ ಬಾಟಲಿಗೆ 16 ಪೈಸೆ. ಒಳಬರುವ ತಣ್ಣನೆಯ ರಸಕ್ಕೆ ಹೊರಹೋಗುವ ಬಿಸಿರಸದ ಶಾಖವನ್ನೇ ಉಣಿಸುವ ಪ್ಲೇಟ್ ಮಾದರಿಯ ಯಂತ್ರದಲ್ಲಿ, ರಸವನ್ನು ತಣಿಸಿಯೇ ತುಂಬುವ ಕ್ರಮವಿದ್ದರೆ, ಖರ್ಚು ಇನ್ನೂ ಇಳಿಯುತ್ತದೆ.

ನಿಜವಾದ ಖರ್ಚು ಬೇರೆಡೆಯಿದೆ. ಸಾಮಾನ್ಯ ಪೆಟ್ ಬಾಟಲಿ 85 ಡಿಗ್ರಿಯ ರಸಕ್ಕೆ ಸೊಟ್ಟಗಾಗುತ್ತದೆ. ಬಿಸಿ ತಡೆಯುವಂತೆ ವಿಶೇಷವಾಗಿ ತಯಾರಿಸಿದ ಬಾಟಲಿ ಅಥವಾ ಗಾಜು ಬೇಕು. ಗಾಜಿಗೆ ತೂಕವೂ ಸಾಗಣೆ ವೆಚ್ಚವೂ ಹೆಚ್ಚು. ಬಾಯ್ಲರ್ ಇಟ್ಟರೆ ನೋಂದಣಿ, ತಪಾಸಣೆ ಬರುತ್ತವೆ. ರುಚಿಯ ವಿಷಯದಲ್ಲಿಯೂ ಒಂದಿಷ್ಟು ಬಿಟ್ಟುಕೊಡಬೇಕಾಗುತ್ತದೆ. ನಿಂಬೆ, ಕಿತ್ತಳೆಗಳ ಪರಿಮಳ ಬೆಂಕಿಯ ಮುಂದೆ ನಿಲ್ಲದು. ವಿಟಮಿನ್ ಸಿ ಕಳೆಯುವುದರಲ್ಲಿ ಮಾತ್ರ ಶಾಖಕ್ಕೆ ಸಿಗುವಷ್ಟು ಅಪಖ್ಯಾತಿ ಸಲ್ಲದು: ರಸದಲ್ಲಿ ಸಿಕ್ಕಿಕೊಂಡ ಗಾಳಿ ಹಾಗೂ ಬೆಚ್ಚನೆಯ ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಡುವುದು ಕೂಡ ಅಷ್ಟೇ ಹಾನಿಕರ. ಶಾಖಕ್ಕೂ ಸಾಯದ ಬೀಜಾಣುಗಳು ಹುಳಿ ರಸದಲ್ಲಿಯೂ ಇಲ್ಲದಿಲ್ಲ. 1982ರಲ್ಲಿ ಜರ್ಮನಿಯ ಸೇಬಿನ ರಸದಲ್ಲಿ ಪತ್ತೆಯಾದ ಒಂದು ಬಗೆಯ ಬ್ಯಾಕ್ಟೀರಿಯಾ ರಸಕ್ಕೆ ಔಷಧದ ವಾಸನೆ ತರುತ್ತದೆ, ಆದರೆ ರೋಗ ತರುವುದಿಲ್ಲ. ಮಣ್ಣಿನಿಂದ ಬರುವ ಅದಕ್ಕೆ ಮದ್ದು ಹಣ್ಣನ್ನು ಚೆನ್ನಾಗಿ ತೊಳೆಯುವುದು.

ಬಿಸಿಮಾಡಿ ತಣಿಸಿದ ರಸವನ್ನು ನಂಜುಮುಕ್ತಗೊಳಿಸಿದ ಪೊಟ್ಟಣಕ್ಕೆ ತುಂಬುವ ಅಸೆಪ್ಟಿಕ್ ಕ್ರಮ ಗುಣಮಟ್ಟದಲ್ಲಿ ಇನ್ನೂ ಮೇಲು. 1985ರಲ್ಲಿ ಫ್ರೂಟಿ ಕಾಗದದ ಪೊಟ್ಟಣದಲ್ಲಿ ಬಂದಾಗ ದೇಶದ ಗ್ರಾಹಕರಿಗೆ ಅದರ ಪರಿಚಯವಾಯಿತು. ಅದರ ಯಂತ್ರ ಸಣ್ಣವರ ಕೈಗೆಟುಕದು. ಆದರೆ ಅದರ ಫಲ ಎಟುಕುತ್ತದೆ: ಸುಮಾರು 215 ಕಿಲೋ ತೂಗುವ ಅಸೆಪ್ಟಿಕ್ ಡ್ರಮ್ಮುಗಳಲ್ಲಿ ಮಾವಿನ ತಿರುಳು ವರ್ಷವಿಡೀ ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಹಂಗಾಮಿನ ಎರಡು ತಿಂಗಳಲ್ಲಿ ವರ್ಷದ ಹಣ್ಣನ್ನೆಲ್ಲ ಕೊಂಡು ಬಂಡವಾಳ ಹೂಳುವ ಬದಲು ತಿಂಗಳಿಗೆ ಬೇಕಾದಷ್ಟು ಡ್ರಮ್ಮು ತರಿಸಿಕೊಳ್ಳುವುದು ಬಡ್ಡಿಯ ದೃಷ್ಟಿಯಿಂದ ಲಾಭಕರ. ಡ್ರಮ್ಮು ಒಮ್ಮೆ ಬಿಚ್ಚಿದರೆ ಅಂದೇ ಮುಗಿಸಬೇಕೆಂಬ ಶಿಸ್ತು ಮಾತ್ರ ಇರಬೇಕು. ಉಪ್ಪಿನಕಾಯಿಯ ಜಾಡಿಗೆ ಒದ್ದೆ ಸೌಟು ಹಾಕದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೆಂಕಿಯಿಲ್ಲದ ವಿಧಾನಗಳು

ಶಾಖವಿಲ್ಲದೆ ರೋಗಾಣು ಕೊಲ್ಲುವ ವಿಧಾನಗಳಲ್ಲಿ ಅತಿ ಹೆಚ್ಚು ಪ್ರಚಾರ ಪಡೆದಿರುವುದು ಅಧಿಕ ಒತ್ತಡದ ಸಂಸ್ಕರಣೆ. ಬಾಟಲಿಗೆ ತುಂಬಿ ಮುಚ್ಚಿದ ರಸವನ್ನು ನೀರಿನೊಳಗಿಟ್ಟು, ವಾತಾವರಣದ ಒತ್ತಡದ ಸುಮಾರು 6000 ಪಟ್ಟು ಒತ್ತಡಕ್ಕೆ ಕೆಲವು ನಿಮಿಷ ಒಳಪಡಿಸಲಾಗುತ್ತದೆ. ಜಪಾನಿನಲ್ಲಿ 1990ರಲ್ಲಿ ಈ ವಿಧಾನದ ಜ್ಯಾಮ್ ಮಾರುಕಟ್ಟೆಗೆ ಬಂದಿತು. ಬಣ್ಣ, ಪರಿಮಳ, ರುಚಿ ಹೆಚ್ಚುಕಡಿಮೆ ಹಸಿರಸದಂತೆಯೇ ಉಳಿಯುತ್ತವೆ, ರೋಗಾಣುಗಳು ನಾಶವಾಗುತ್ತವೆ. ಗುಣಮಟ್ಟ ಒಂದನ್ನೇ ನೋಡುವುದಾದರೆ ಇದಕ್ಕೆ ಸಾಟಿಯಿಲ್ಲ. ಆದರೆ ಬೀಜಾಣುಗಳು ಉಳಿಯುತ್ತವೆ, ಕಿಣ್ವಗಳು ಪೂರ್ತಿ ಅಡಗುವುದಿಲ್ಲ, ಆದ್ದರಿಂದ ಕಾರ್ಖಾನೆಯಿಂದ ಗ್ರಾಹಕನ ಮನೆಯವರೆಗೆ ತಂಪು ತಪ್ಪುವಂತಿಲ್ಲ. ಗಾಜಿನ ಬಾಟಲಿಗೆ ಇದು ನಡೆಯದು. ಯಂತ್ರದ ಬೆಲೆ ಕೋಟಿಗಳಲ್ಲಿ. ಸವಕಳಿ, ಬಡ್ಡಿ, ಶೀತಲ ಸಾಗಣೆ ಮೂರನ್ನೂ ಹೊರಬಲ್ಲ ಬೆಲೆ ಕೊಡುವ ಗ್ರಾಹಕ ಮಹಾನಗರದ ಕೆಲವು ಬಡಾವಣೆಗಳಲ್ಲಿ ಮಾತ್ರ ಸಿಗುತ್ತಾನೆ.

ಅತಿನೇರಳೆ ಕಿರಣದ ವಿಧಾನಕ್ಕೆ ಅಮೆರಿಕ 2000ದಲ್ಲಿ ಅನುಮತಿ ನೀಡಿತು. ತಿಳಿಯಾದ ಸೇಬಿನ ರಸಕ್ಕೆ ಅದು ಸರಿ. ಮಾವಿನಂಥ ಗಟ್ಟಿ ರಸದೊಳಕ್ಕೆ ಬೆಳಕೇ ಇಳಿಯದು. ವಿದ್ಯುತ್ ಕ್ಷೇತ್ರದ ಮಿಡಿತಗಳಿಂದ ಸಂಸ್ಕರಿಸುವ ವಿಧಾನವೂ ಉಂಟು. ಇವೆರಡೂ ಸದ್ಯಕ್ಕೆ ಸಣ್ಣ ಘಟಕದ ಚರ್ಚೆಗೆ ಹೊರಗಿನವು.

'ಕೋಲ್ಡ್ ಪ್ರೆಸ್ಡ್' ಎಂಬ ಪದದ ಬಗ್ಗೆ ಎಚ್ಚರ ಅಗತ್ಯ. ಅದು ರಸ ಹಿಂಡುವ ಬಗೆಯ ಹೆಸರು, ಕಾಯ್ದಿಡುವ ಬಗೆಯದಲ್ಲ. ದೊಡ್ಡ ಕಂಪನಿಯು ಹಾಗೆ ಹಿಂಡಿದ ರಸವನ್ನು ಅಧಿಕ ಒತ್ತಡಕ್ಕೆ ಒಳಪಡಿಸಿ ಮಾರಬಹುದು. ಅದರ ಪಕ್ಕದಲ್ಲಿ ಅದೇ ಪದ ಮುದ್ರಿಸಿ, ಏನನ್ನೂ ಮಾಡದ ರಸವನ್ನು ಸಣ್ಣ ಘಟಕವೊಂದು ಇಡಬಹುದು. ಗ್ರಾಹಕನಿಗೆ ವ್ಯತ್ಯಾಸ ಕಾಣದು. ಅವಘಡ ಸಂಭವಿಸಿದರೆ ಎರಡಕ್ಕೂ ಕೆಟ್ಟ ಹೆಸರು.

ಹತ್ತನೆಯ ಬಾಟಲಿ

ಸಂರಕ್ಷಣೆಯ ವಿಧಾನವನ್ನು ಬೆಲೆಯಿಂದ ಅಳೆಯುವವರು ಬಾಟಲಿಗೆ ಎಷ್ಟು ಪೈಸೆ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ, ಎಷ್ಟು ಬಾಟಲಿ ಹಿಂತಿರುಗುತ್ತವೆ ಎಂಬುದು. ಉದಾಹರಣೆಗೆ, ವಿತರಕರಿಗೆ 12 ರೂ.ಗೆ ಕೊಡುವ ಬಾಟಲಿಯ ತಯಾರಿಕಾ ವೆಚ್ಚ 10 ರೂ. 80 ಪೈಸೆ ಎಂದಿರಲಿ. ಉಳಿಯುವುದು 1 ರೂ. 20 ಪೈಸೆ. ಹತ್ತರಲ್ಲಿ ಒಂದು ಬಾಟಲಿ ಉಬ್ಬಿಯೋ ಬೂಸು ಹಿಡಿದೋ ವಾಪಸು ಬಂದರೆ, ಒಂಬತ್ತು ಬಾಟಲಿಗಳ ಲಾಭ 10 ರೂ. 80 ಪೈಸೆ, ಹತ್ತನೆಯದರ ನಷ್ಟವೂ 10 ರೂ. 80 ಪೈಸೆ. ಇಡೀ ತಿಂಗಳ ದುಡಿಮೆ ಸೊನ್ನೆ. ವಾಪಸು ತರುವ ಸಾಗಣೆಯನ್ನೂ ಅಂಗಡಿಯವನ ಮುನಿಸನ್ನೂ ಇಲ್ಲಿ ಸೇರಿಸಿಲ್ಲ. 16 ಪೈಸೆಯ ಶಾಖವನ್ನು ಉಳಿಸಿದವನು ಕಳೆದುಕೊಳ್ಳುವುದು ಇದನ್ನು.

ಬಾಳಿಕೆಯ ಅವಧಿಗೂ ದುಡಿಯುವ ಬಂಡವಾಳಕ್ಕೂ ಇರುವ ಸಂಬಂಧ ಅಷ್ಟೇ ನೇರವಾದುದು. ಕೆಲವೇ ದಿನ ಬಾಳುವ ತಂಪು ರಸಕ್ಕೆ ದಾಸ್ತಾನು ಇಲ್ಲ, ಬಡ್ಡಿಯಿಲ್ಲ ಎಂಬುದು ನಿಜ. ಆದರೆ ಮಾರದೆ ಉಳಿದದ್ದೆಲ್ಲ ಚರಂಡಿಗೆ. ಮಳೆ ಹಿಡಿದ ವಾರದಲ್ಲಿ ಬೇಡಿಕೆ ಕುಸಿದರೆ ಅದನ್ನು ತಡೆದುಕೊಳ್ಳುವ ಅವಕಾಶ ಬಿಸಿ ತುಂಬಿದ ಬಾಟಲಿಗೆ ಮಾತ್ರ ಉಂಟು.

ತೆರಿಗೆಯೂ ಈ ಹೋಲಿಕೆಯೊಳಗೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹಣ್ಣಿನ ರಸ ಹಾಗೂ ಹಣ್ಣಿನ ತಿರುಳಿನ ಪಾನೀಯಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಅನಿಲ ತುಂಬಿದ ಹಣ್ಣಿನ ಪಾನೀಯ ಮಾತ್ರ ಶೇ. 40ರ ದರಕ್ಕೆ ಸೇರಿತು. ಇಂಗಾಲದ ಡೈಆಕ್ಸೈಡ್ ತುಂಬುವುದು ಬೂಸನ್ನು ತಡೆಯುವ ಒಳ್ಳೆಯ ಉಪಾಯವೇ ಆಗಿದ್ದರೂ ಈ ದರದಲ್ಲಿ ಅದು ಸಣ್ಣವರಿಗೆ ಮುಚ್ಚಿದ ಬಾಗಿಲು. ಶೇ. 5ರ ಸಿಹಿಯ ಜೊತೆಗೆ ಒಂದು ಕಹಿಯೂ ಇದೆ. ಬಾಟಲಿಗಳ ಮೇಲೆ ತೆರುವ ತೆರಿಗೆ ಶೇ. 18, ಮಾರಾಟದ ಮೇಲೆ ವಸೂಲಾಗುವುದು ಶೇ. 5. ಹೀಗೆ ಉಳಿಯುವ ಹೂಡುವಳಿ ತೆರಿಗೆಯ ಜಮೆಗೆ ಮರುಪಾವತಿ ಕೇಳಬಹುದು, ಆದರೆ ಆ ಮರುಪಾವತಿ ಕಚ್ಚಾ ಸಾಮಗ್ರಿ ಮತ್ತು ಪ್ಯಾಕಿಂಗ್ ಸಾಮಗ್ರಿಗೆ ಮಾತ್ರ. ಯಂತ್ರೋಪಕರಣದ ಮೇಲಿನ ಜಮೆ ಅದರಲ್ಲಿ ಸೇರದು. ಭಾರೀ ಯಂತ್ರ ಕೊಂಡವನ ಹಣ ಖಾತೆಯಲ್ಲಿಯೇ ಬಹುಕಾಲ ಸಿಕ್ಕಿಬೀಳುತ್ತದೆ. ಯೋಜನಾ ವರದಿಯಲ್ಲಿ ಇದಕ್ಕೊಂದು ಸಾಲು ಇರಲೇಬೇಕು.

ಲೇಬಲಿನ ಮಾತಿಗೂ ಬೆಲೆಯುಂಟು. ಸಾಂದ್ರೀಕರಿಸಿದ ರಸಕ್ಕೆ ನೀರು ಬೆರೆಸಿ ತಯಾರಿಸುವ ಉತ್ಪನ್ನಗಳ ಮೇಲಿನ 'ಶೇ. 100 ಹಣ್ಣಿನ ರಸ' ಎಂಬ ಬರಹವನ್ನು ತೆಗೆಯುವಂತೆ ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಜೂನ್‌ನಲ್ಲಿ ಆದೇಶಿಸಿತು. ಸಗಟಾಗಿ ಮುದ್ರಿಸಿ ಇಟ್ಟ ಲೇಬಲುಗಳು ಒಂದೇ ಆದೇಶದಿಂದ ರದ್ದಿಯಾಗಬಲ್ಲವು ಎಂಬುದನ್ನು ಅಂದು ಹಲವರು ಕಂಡುಕೊಂಡರು. ಇನ್ನು ಅಸುರಕ್ಷಿತ ಆಹಾರದಿಂದ ಗ್ರಾಹಕನು ಮರಣಹೊಂದಿದಲ್ಲಿ 2006ರ ಕಾಯ್ದೆಯ 65ನೆಯ ಕಲಮಿನಂತೆ ಪರಿಹಾರ 5 ಲಕ್ಷ ರೂ.ಗೆ ಕಡಿಮೆಯಿರುವಂತಿಲ್ಲ, 59ನೆಯ ಕಲಮಿನಂತೆ ಶಿಕ್ಷೆ 7 ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ, ಜೊತೆಗೆ 10 ಲಕ್ಷ ರೂ.ಗೆ ಕಡಿಮೆಯಿಲ್ಲದ ದಂಡ. ಸಂಸ್ಥೆಯ ಮಾಲೀಕತ್ವ ಒಬ್ಬನದೇ ಆಗಿದ್ದರೆ ಮನೆ, ಹೊಲಗಳೂ ಈ ಹೊಣೆಯಿಂದ ಹೊರತಲ್ಲ.

ಆಗಬೇಕಾದ ಕೆಲಸ

ಪ್ರತಿಯೊಂದು ಸಣ್ಣ ಘಟಕವೂ ತನ್ನದೇ ಬಾಯ್ಲರ್, ತನ್ನದೇ ಪಾಶ್ಚರೀಕರಣ ಯಂತ್ರ, ತನ್ನದೇ ಪ್ರಯೋಗಾಲಯ ಹೊಂದುವುದು ಅಸಾಧ್ಯ, ಅನಗತ್ಯ ಕೂಡ. ಅಧಿಕ ಒತ್ತಡದ ಯಂತ್ರವನ್ನು ವಿದೇಶಗಳಲ್ಲಿ ಹಲವು ತಯಾರಕರು ಬಾಡಿಗೆಯ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ. ಜವಳಿ ಉದ್ದಿಮೆಯಲ್ಲಿ ನೇಕಾರನೇ ಬಣ್ಣದ ಮನೆ ಇಟ್ಟುಕೊಳ್ಳುವುದಿಲ್ಲ; ಜಾಬ್ ವರ್ಕ್ ಪದ್ಧತಿ ವ್ಯಾಪಾರಿಗಳಿಗೆ ಹೊಸದಲ್ಲ. ಅದೇ ರೀತಿ ಮಾವು ಮತ್ತು ದ್ರಾಕ್ಷಿ ಬೆಳೆಯುವ ಕೋಲಾರ, ಚಿಕ್ಕಬಳ್ಳಾಪುರ ಭಾಗಕ್ಕೊಂದು, ನಿಂಬೆ ಮತ್ತು ದಾಳಿಂಬೆಯ ವಿಜಯಪುರ, ಬಾಗಲಕೋಟೆ ಭಾಗಕ್ಕೊಂದು ಬಿಸಿ ತುಂಬುವಿಕೆಯ ಸಾಮೂಹಿಕ ಕೇಂದ್ರ ಏರ್ಪಟ್ಟರೆ, ರಸ ಹಿಂಡುವವರು ತಮ್ಮ ಹೆಸರಿನಲ್ಲಿಯೇ ಬಾಟಲಿ ತುಂಬಿಸಿಕೊಂಡು ಹೋಗಬಹುದು. ಮುಂದಾಳತ್ವ ವಹಿಸಬೇಕಾದವು ಜಿಲ್ಲಾ ವಾಣಿಜ್ಯೋದ್ಯಮ ಸಂಸ್ಥೆಗಳು. 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಮೈಸೂರಿನಲ್ಲಿಯೇ ಇರುವಾಗ ತಾಂತ್ರಿಕ ಸಲಹೆಗಾಗಿ ದೂರ ಅಲೆಯಬೇಕಾಗಿಲ್ಲ.

ಕೇಂದ್ರ ಏರ್ಪಡುವವರೆಗೆ ಘಟಕಗಳು ಮಾಡಬಹುದಾದುದು ಕಡಿಮೆಯೇನಿಲ್ಲ. ಪ್ರತಿ ತಂಡದ ಪಿ.ಎಚ್., ತುಂಬಿದಾಗಿನ ಉಷ್ಣತೆ, ಸಂರಕ್ಷಕದ ತೂಕ, ಹಣ್ಣು ಬಂದ ಮಂಡಿ ಇಷ್ಟನ್ನು ಒಂದು ಪುಸ್ತಕದಲ್ಲಿ ದಿನಾಂಕದೊಡನೆ ಬರೆಯಬೇಕು. ತಂಡದ ಸಂಖ್ಯೆ ಬಾಟಲಿಯ ಮೇಲೂ ಇರಬೇಕು. ಪ್ರತಿ ತಂಡದ ನಾಲ್ಕಾರು ಬಾಟಲಿಗಳನ್ನು ಬಾಳಿಕೆಯ ಅವಧಿ ಮುಗಿಯುವವರೆಗೆ ಘಟಕದಲ್ಲಿಯೇ ಇಟ್ಟು ನೋಡಬೇಕು. ಸರಕನ್ನು ಹಿಂಪಡೆಯುವ ಸಂದರ್ಭ ಬಂದರೆ 200 ಪೆಟ್ಟಿಗೆ ತರಿಸುವುದಕ್ಕೂ ಮಾರುಕಟ್ಟೆಯಲ್ಲಿರುವ ಎಲ್ಲವನ್ನೂ ತರಿಸುವುದಕ್ಕೂ ಇರುವ ಅಂತರ ಈ ಪುಸ್ತಕವೇ. ಉತ್ಪನ್ನ ಹೊಣೆಗಾರಿಕೆಯ ವಿಮೆ ನೀಡುವ ಕಂಪನಿಯೂ ಪರಿಹಾರದ ಮನವಿ ಬಂದಾಗ ಇಂಥ ದಾಖಲೆಯನ್ನು ಕೇಳುತ್ತದೆ.

ಮಾವಿನ ಹಂಗಾಮು ಮೇ ತಿಂಗಳಿಗೆ ಕಳೆಗಟ್ಟುತ್ತದೆ. ಥರ್ಮಾಮೀಟರ್, ಪಿ.ಎಚ್. ಮೀಟರ್, ತಕ್ಕಡಿಗಳ ತಾಳೆ ನೋಡುವ ಕೆಲಸ ಮಾರ್ಚ್ ಅಂತ್ಯದ ಲೆಕ್ಕ ಮುಗಿಸುವ ಗಡಿಬಿಡಿಗೆ ಮುಂಚೆಯೇ ಆಗಬೇಕು; ಸಾಮೂಹಿಕ ಕೇಂದ್ರದ ಪ್ರಸ್ತಾವ ಫೆಬ್ರುವರಿಯೊಳಗೆ ಜಿಲ್ಲಾ ಕೈಗಾರಿಕಾ ಕೇಂದ್ರದ ಮೇಜು ಸೇರಬೇಕು.